ಲೋನ್ ಪೈನ್‌ನ ಬಂಡೆಗಳು, ತೆರೆಗೆ ಬಾರದ ಕೊಮೊಕೊ

ವೆಸ್ಟರ್ನ್, ಅಂದರೆ ಅಮೆರಿಕದ ಕೌಬಾಯ್ ಸಿನಿಮಾ ಅಂದ ಕೂಡಲೇ ಬಹಳ ಜನಕ್ಕೆ ನೆನಪಾಗುವುದು ಮಾನ್ಯುಮೆಂಟ್ ವ್ಯಾಲಿಯ ಕೆಂಪು ಗೋಪುರಗಳು. ಇಲ್ಲದಿದ್ದರೆ ಸ್ಪೇನಿನಲ್ಲಿ ತೆಗೆದ, ಬೆವರಿನ ಮುಖಗಳನ್ನೇ ಮೂರು ಗಂಟೆ ತೋರಿಸುವ ಚಿತ್ರಗಳು. ನನಗೆ ಎರಡೂ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತವೆ. ನನ್ನ ಮೆಚ್ಚಿನವು ಸುಮಾರು ಎಪ್ಪತ್ತೈದು ನಿಮಿಷಕ್ಕೆ ಮುಗಿದುಹೋಗುತ್ತವೆ. ಬಡ್ ಬೆಟಿಕರ್ ನಿರ್ದೇಶಿಸಿ, ರ‍್ಯಾಂಡಾಲ್ಫ್ ಸ್ಕಾಟ್ ನಾಯಕನಾದ ‘ಸೆವೆನ್ ಮೆನ್ ಫ್ರಂ ನೌ’ (1956), ‘ದಿ ಟಾಲ್ ಟಿ’ (1957), ‘ರೈಡ್ ಲೋನ್‌ಸಮ್’ (1959), ‘ಕಮ್ಯಾಂಚಿ ಸ್ಟೇಷನ್’ (1960). ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುತ್ತಿದ್ದ ಕಾಲದಲ್ಲಿ, ಇನ್ನೊಂದು ದೊಡ್ಡ ಚಿತ್ರದ ಜೊತೆ ಸೇರಿಸಿ ಓಡಿಸುತ್ತಿದ್ದಂಥವು. ಮೊದಲನೆಯದಂತೂ ಎಷ್ಟೋ ವರ್ಷ ನೋಡಲೇ ಸಿಗುತ್ತಿರಲಿಲ್ಲ.

ನಾಲ್ಕರಲ್ಲೂ ಕತೆ ಹೆಚ್ಚುಕಡಿಮೆ ಅದೇ. ಒಂಟಿ ಗಂಡಸು, ಹೆಚ್ಚಿನ ಸಲ ಹೆಂಡತಿಯನ್ನು ಕಳೆದುಕೊಂಡವನು, ಕುದುರೆ, ಒಂದಿಬ್ಬರು ಖಳರು. ಆದರೆ ಆ ಖಳರು ಎಷ್ಟು ಚೆನ್ನಾಗಿ ಮಾತಾಡುತ್ತಾರೆ! ‘ರೈಡ್ ಲೋನ್‌ಸಮ್’ನಲ್ಲಿ ಒಬ್ಬ ದರೋಡೆಕೋರ ತನ್ನ ಜೊತೆಗಾರನಿಗೆ, ಮುಂದೆ ಕೊಳ್ಳುವ ಜಮೀನಿನಲ್ಲಿ ಅರ್ಧ ನಿನ್ನದು ಅನ್ನುತ್ತಾನೆ. ಯಾಕೆ ಅಂತ ಇವನು ಕೇಳಿದರೆ, ನೀನಂದ್ರೆ ನನಗೆ ಇಷ್ಟ ಅನ್ನುತ್ತಾನೆ. ಐದು ವರ್ಷ ಒಟ್ಟಿಗೆ ಕುದುರೆ ಓಡಿಸಿದ್ದರೂ ಇವನಿಗೆ ಅದು ಗೊತ್ತೇ ಇರಲಿಲ್ಲ. ಆ ಪೆದ್ದು ಮುಖ ಜೇಮ್ಸ್ ಕೋಬರ್ನ್‌ದು, ಅವನ ಮೊದಲ ಸಿನಿಮಾ. ನಾಯಕ ಗುಂಡು ಹಾರಿಸುವುದಕ್ಕಿಂತ ಆ ಒಂದು ನಿಮಿಷಕ್ಕಾಗಿ ನಾನು ಈ ಚಿತ್ರ ಮತ್ತೆ ಮತ್ತೆ ಹಾಕಿಕೊಳ್ಳುತ್ತೇನೆ.

ಈ ನಾಲ್ಕೂ ಚಿತ್ರಗಳಲ್ಲಿ ಕಾಣುವ ಬಂಡೆಗಳು ಒಂದೇ ಊರಿನವು. ಕ್ಯಾಲಿಫೋರ್ನಿಯಾದ ಲೋನ್ ಪೈನ್, ಸಿಯೆರಾ ನೆವಾಡಾ ಬೆಟ್ಟಸಾಲಿನ ಬುಡದಲ್ಲಿ ಎರಡು ಸಾವಿರ ಜನರ ಆಸುಪಾಸಿನ ಊರು. ಊರಾಚೆ ಅಲಬಾಮಾ ಹಿಲ್ಸ್ ಎಂಬ ಬಂಡೆಗುಡ್ಡಗಳ ಹರವು. ಅಕ್ಕ ಅರ್ವೈನ್‌ನಲ್ಲಿದ್ದಾಳೆ, ಅಲ್ಲಿಂದ ನಾಲ್ಕು ಗಂಟೆಗೂ ಹೆಚ್ಚಿನ ದಾರಿ. ಜೊತೆಗೆ ಹೊರಟವರು ಭಾವ. ಅವರಿಗೆ ಸಿನಿಮಾ ಅಂದರೆ ಅಣ್ಣಾವ್ರು, ಅಲ್ಲಿಗೆ ಮುಗಿಯಿತು. “ಕಲ್ಲು ನೋಡೋಕೆ ರಾಮನಗರದಿಂದ ಇಲ್ಲೀತನಕ ಬಂದ್ಯೇನೋ?” ಅಂತ ಮೊಹಾವೆ ಮರುಭೂಮಿ ಉದ್ದಕ್ಕೂ ರೇಗಿಸಿದರು. ಬೇಕಿದ್ದರೆ ರೇಗಿಸಲಿ, ಗಾಡಿ ಓಡಿಸುತ್ತಿದ್ದವರು ಅವರು.

ಗಾಡಿ ಬಾಡಿಗೆಯದು, ಯಾಕೆಂದರೆ ಭಾವ ತಮ್ಮ ಹೊಸ ಕಾರನ್ನು ಮಣ್ಣುದಾರಿಗೆ ಇಳಿಸಲು ಸುತರಾಂ ಒಪ್ಪಲಿಲ್ಲ. ಇದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಈಗಲೂ ಹೊಟ್ಟೆ ಉರಿಯುತ್ತದೆ. ಗುಡ್ಡದ ನಡುವೆ ಹೋಗುವ ಮೂವಿ ರೋಡ್ ಶುರುವಿನಲ್ಲಿ ನುಣ್ಣಗಿದೆ, ಆಮೇಲೆ ತಗಡಿನ ಶೀಟಿನ ಹಾಗೆ ಏರಿಳಿತ, ಕವಲುದಾರಿಗೆ ತಿರುಗಿದರೆ ಚೂಪು ಕಲ್ಲು. ಹಿಂದಿನ ಟೈರ್ ಕುಯ್ದುಹೋಯಿತು. ಡಿಕ್ಕಿ ತೆಗೆದರೆ ಸ್ಟೆಪ್ನಿಯೇ ಇಲ್ಲ! ಅದರ ಜಾಗದಲ್ಲಿ ಗಾಳಿ ತುಂಬುವ ಪುಟ್ಟ ಪಂಪು, ಅಂಟಿನ ಬಾಟಲಿ. ಮೊಳೆ ಚುಚ್ಚಿದ ತೂತಿಗೆ ಅದು ಸಾಕು, ಪಕ್ಕದಲ್ಲಿ ಹರಿದ ಟೈರಿಗೆ ಏನೂ ಪ್ರಯೋಜನವಿಲ್ಲ. ಊರಿಂದ ಗಾಡಿ ಬಂದು ಎಳೆದುಕೊಂಡು ಹೋಯಿತು. ಆಮೇಲೆ ಬಾಡಿಗೆ ಕಂಪನಿಯವರು ಟೈರಿನ ದುಡ್ಡಿನ ಮೇಲೆ ‘ಧೂಳು ಶುಚಿ’ ಅಂತ ಇನ್ನೊಂದು ಮೊತ್ತ ಹಾಕಿ ಬಿಲ್ ಕಳಿಸಿದರು. ಹೋಗುವವರು ಗಾಡಿ ತೆಗೆದುಕೊಳ್ಳುವ ಮೊದಲೇ ಡಿಕ್ಕಿಯ ಹಲಗೆ ಎತ್ತಿ ಸ್ಟೆಪ್ನಿ ಇದೆಯಾ ನೋಡಿ. ನಾಲ್ಕೂ ಟೈರಿನ ಫೋಟೋ ಇಟ್ಟುಕೊಳ್ಳಿ. ಮಣ್ಣುದಾರಿಯಲ್ಲಿ ಓಡಿಸಬಹುದೇ ಅಂತ ಕರಾರುಪತ್ರದಲ್ಲಿ ಓದಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಬಂಡೆಗಳ ನಡುವೆ ಸಿಗ್ನಲ್ ನಂಬುವಂತಿಲ್ಲ.

ಊರಿನಲ್ಲಿ ವೆಸ್ಟರ್ನ್ ಸಿನಿಮಾ ಇತಿಹಾಸದ ಒಂದು ಮ್ಯೂಸಿಯಂ ಇದೆ. ‘ಜ್ಯಾಂಗೋ ಅನ್‌ಚೇನ್ಡ್’ನ ಹಲ್ಲಿನ ಡಾಕ್ಟರನ ಬಂಡಿ, ಛಾವಣಿಯ ಮೇಲೆ ಅಲ್ಲಾಡುವ ದೊಡ್ಡ ಹಲ್ಲಿನ ಸಮೇತ, ಅಲ್ಲಿದೆ. ಎಲ್ಲರೂ ಅದರ ಮುಂದೆ ಸೆಲ್ಫಿಗೆ ಸಾಲು ನಿಂತಿದ್ದರು. ಬೆಟಿಕರ್ ಚಿತ್ರಗಳ ಪೋಸ್ಟರುಗಳ ಹತ್ತಿರ ನಾನೊಬ್ಬನೇ. ಒಳ್ಳೆಯದೇ ಆಯಿತು.

ಇನ್ನು ಬಂಡೆಗಳು. ರಾಮನಗರದ ಕಡೆಯವನಿಗೆ ಅಲಬಾಮಾ ಹಿಲ್ಸ್ ನೋಡಿ ಬೆಚ್ಚಿಬೀಳುವಂತಾಗುತ್ತದೆ. ಅದೇ ಗುಂಡುಕಲ್ಲು, ಒಂದರ ಮೇಲೊಂದು ಕೂತ ಅದೇ ರೀತಿ, ಸಂಜೆಯ ಅದೇ ಕಂದು ಬಣ್ಣ. ಎರಡೂ ಗ್ರಾನೈಟ್, ಎರಡೂ ಬಿರುಕಿನಲ್ಲಿ ನೀರಿಳಿದು ಮೂಲೆ ಸವೆದು ದುಂಡಗಾದವು. ನಮ್ಮದು ಸುಮಾರು 250 ಕೋಟಿ ವರ್ಷದ್ದು, ಇಲ್ಲಿಯದು ಹತ್ತು ಕೋಟಿಯೊಳಗೆ. ನಮ್ಮ ಕಲ್ಲಿಗೆ ಇವು ಮರಿಮೊಮ್ಮಕ್ಕಳು. ‘ಶೋಲೆ’ ತೆಗೆಯುವಾಗ ರಮೇಶ್ ಸಿಪ್ಪಿ ರಾಮನಗರಕ್ಕೆ ಬಂದದ್ದು ಯಾಕೆ ಅನ್ನುವುದು ಇಲ್ಲಿ ನಿಂತರೆ ಯಾರೂ ಹೇಳಿಕೊಡಬೇಕಿಲ್ಲ. ವ್ಯತ್ಯಾಸ ಅಂದರೆ ಹಿನ್ನೆಲೆ. ಇಲ್ಲಿ ಬಂಡೆಗಳ ಹಿಂದೆ ಹಿಮ ಹೊತ್ತ ಸಿಯೆರಾ ಗೋಡೆಯಂತೆ ಎದ್ದು ನಿಂತಿದೆ. ಅದರಲ್ಲಿ 14,505 ಅಡಿಯ ಮೌಂಟ್ ವಿಟ್ನಿಯೂ ಇದೆ. ಹತ್ತಿರದ ಲೋನ್ ಪೈನ್ ಪೀಕ್ ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಬಂದವರೆಲ್ಲ ಅದನ್ನೇ ವಿಟ್ನಿ ಅಂದುಕೊಂಡು ಫೋಟೋ ತೆಗೆಯುತ್ತಾರೆ.

ಎಳೆಯುವ ಗಾಡಿಗೆ ಕಾಯುತ್ತಾ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ತಿನ್ನುತ್ತಿದ್ದೆವು. ಸ್ವಲ್ಪ ದೂರದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಮುದುಕರು ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟ ಒಂದು ಫೋಟೋ. ಅದನ್ನು ಮುಖದ ಮುಂದೆ ಹಿಡಿಯುವುದು, ಇಳಿಸುವುದು, ಕುರ್ಚಿಯನ್ನು ಎರಡು ಅಡಿ ಎಡಕ್ಕೆ ಸರಿಸುವುದು, ಮತ್ತೆ ಹಿಡಿಯುವುದು. ಹೋಗಿ ಇಣುಕಿದೆ. ‘ಕಮ್ಯಾಂಚಿ ಸ್ಟೇಷನ್’ನ ಮೊದಲ ದೃಶ್ಯ. ಸ್ಕಾಟ್ ಒಂಟಿಯಾಗಿ ಬಂಡೆಗಳ ನಡುವಿಂದ ಬರುವುದು. ನಾನು ಹೆಸರು ಹೇಳಿದ್ದೇ ತಡ, ಅವರು ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟರು.

ಕೆಲಸ ಹೇಗೆ ಅಂತ ತೋರಿಸಿದರು. ಮೊದಲು ಬಂಡೆ ನೋಡಬಾರದು. ಹಿಂದಿನ ಬೆಟ್ಟದ ಅಂಚು ನೋಡಬೇಕು. ಯಾವ ಶಿಖರ ಯಾವ ಶಿಖರದ ಮುಂದೆ ಬರುತ್ತದೆ ಅನ್ನುವುದರಿಂದ ನಿಲ್ಲಬೇಕಾದ ಸಾಲು ಸಿಗುತ್ತದೆ. ಆಮೇಲೆ ನೆರಳು. ಬೆಳಗಿನ ಬಿಸಿಲು ಸಿಯೆರಾದ ಮುಖಕ್ಕೆ ಬೀಳುತ್ತದೆ, ನೆರಳಿನ ದಿಕ್ಕು ನೋಡಿ ಹೊತ್ತು ಗೊತ್ತಾದರೆ ಅದೇ ಹೊತ್ತಿಗೆ ಬಂದು ಹುಡುಕಬಹುದು. ಕೊನೆಗೆ ಬಿರುಕು. “ಪೊದೆಗಳು ಸುಳ್ಳು ಹೇಳ್ತವೆ, ಬಿರುಕು ಹೇಳಲ್ಲ,” ಅಂದರು. ಫೋಟೋದ ಎಡಮೂಲೆಯ ಬಂಡೆಯಲ್ಲಿ ಕೊಂಬೆಯಂತೆ ಕವಲೊಡೆದ ಒಂದು ಬಿರುಕು. ಎದುರಿನ ಬಂಡೆಯಲ್ಲೂ ಅದೇ ಕವಲು, ಆದರೆ ಮೇಲಿನ ಎಳೆ ಸ್ವಲ್ಪ ಗಿಡ್ಡ. ಆದ್ದರಿಂದ ಇದಲ್ಲವಂತೆ. ಅರ್ಧ ಗಂಟೆ ಮೂವರೂ ಅದೊಂದು ಬಿರುಕಿನ ಹಿಂದೆ ಬಿದ್ದೆವು. ಭಾವ ಕೂಡ. ಸಿಕ್ಕಿದ್ದು ಅವರ ಕಣ್ಣಿಗೇ! ನೂರು ಹೆಜ್ಜೆ ಕೆಳಗೆ, ನಾವು ಬೆನ್ನು ಹಾಕಿ ಕೂತಿದ್ದ ಕಡೆ.

“ಇಂಡಿಯಾದವರಾ? ನಿಮ್ಮ ದೇಶವನ್ನೂ ಇಲ್ಲೇ ಕಟ್ಟಿದ್ದರು,” ಅಂದರು ಮುದುಕರು. 1939ರ ‘ಗಂಗಾ ದಿನ್’. ಜಾರ್ಜ್ ಸ್ಟೀವನ್ಸ್ ಈ ಗುಡ್ಡಗಳನ್ನೇ ವಾಯವ್ಯ ಗಡಿನಾಡು ಮಾಡಿ, ಚಿನ್ನದ ದೇವಸ್ಥಾನ ನಿಲ್ಲಿಸಿ, ಥಗ್ಗರನ್ನು ಓಡಾಡಿಸಿದ್ದ. ನೀರು ಹೊರುವ ಗಂಗಾ ದಿನ್ ಆಗಿ ಮೈಗೆ ಬಣ್ಣ ಬಳಿದುಕೊಂಡವನು ಅಮೆರಿಕದ ಸ್ಯಾಮ್ ಜಾಫೆ. ಆಗ ಬಂಗಾಳ, ಬೊಂಬಾಯಿಗಳಲ್ಲಿ ಆ ಚಿತ್ರಕ್ಕೆ ನಿಷೇಧ ಬಿತ್ತು ಅಂತ ನಾನು ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ. “ನ್ಯಾಯವೇ,” ಅಂದು ಸುಮ್ಮನಾದರು.

ಆಮೇಲೆ ನಾನು ಕೇಳಲೆಂದೇ ಬಂದಿದ್ದ ಪ್ರಶ್ನೆ ಕೇಳಿದೆ. ಬ್ಲ್ಯಾಕ್ ರಾಕ್ ಎಲ್ಲಿತ್ತು?

1955ರಲ್ಲಿ ತೆರೆಕಂಡ ‘ಬ್ಯಾಡ್ ಡೇ ಅಟ್ ಬ್ಲ್ಯಾಕ್ ರಾಕ್’ ಕುದುರೆಗಳಿಲ್ಲದ ವೆಸ್ಟರ್ನ್. ನಿರ್ದೇಶಕ ಜಾನ್ ಸ್ಟರ್ಜಿಸ್. ಇಸವಿ 1945, ನಾಲ್ಕು ವರ್ಷದಿಂದ ನಿಲ್ಲದ ರೈಲು ಒಂದು ದರಿದ್ರ ಊರಿನಲ್ಲಿ ನಿಲ್ಲುತ್ತದೆ. ಒಂದು ಕೈಯಿಲ್ಲದ ಸ್ಪೆನ್ಸರ್ ಟ್ರೇಸಿ ಇಳಿದು, ಕೊಮೊಕೊ ಎಂಬ ಜಪಾನಿ ರೈತ ಎಲ್ಲಿ ಅಂತ ವಿಚಾರಿಸುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಅವನನ್ನು ಸರ್ಕಾರದ ಶಿಬಿರಕ್ಕೆ ಸಾಗಿಸಿದರು ಅಂತ ಊರಿನ ಯಜಮಾನ ರಾಬರ್ಟ್ ರಯನ್ ಸುಳ್ಳು ಹೇಳುತ್ತಾನೆ. ನಿಜಕ್ಕೂ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮರುದಿನವೇ ಅವನನ್ನು ಕೊಂದುಹಾಕಿರುತ್ತಾರೆ. ಇಟಲಿಯ ಯುದ್ಧದಲ್ಲಿ ಟ್ರೇಸಿಯ ಜೀವ ಉಳಿಸಿ ಸತ್ತವನು ಆ ಕೊಮೊಕೊನ ಮಗ. ಅವನ ಮೆಡಲ್ ಅಪ್ಪನ ಕೈಗೆ ಕೊಡಲು ಟ್ರೇಸಿ ಬಂದಿರುತ್ತಾನೆ.

ಮುದುಕರು ಫೋಟೋವನ್ನು ಕೆಳಗಿಟ್ಟರು. 1954ರ ಬೇಸಿಗೆಯಲ್ಲಿ ಅವರು ಈ ಊರಿನ ಹುಡುಗ. ರೈಲುಹಳಿಯ ಪಕ್ಕ ಇಡೀ ಬೀದಿ ಎದ್ದದ್ದನ್ನು ಸೈಕಲ್ ತುಳಿದುಕೊಂಡು ಹೋಗಿ ನೋಡಿದ್ದರಂತೆ. “ಮುಂಗೋಡೆ ಮಾತ್ರ. ಹಿಂದೆ ಹೋದರೆ ಬರೀ ಊರುಗೋಲು.” ಈಗ ಅಲ್ಲಿ ಏನೂ ಇಲ್ಲ, ಹಳಿಯನ್ನೂ ಕಿತ್ತಿದ್ದಾರೆ.

“ಸಿನಿಮಾ ಬಂದಾಗ ಊರಿನವರು ಏನಂದರು?”

“ಸ್ಪೆನ್ಸರ್ ಟ್ರೇಸಿ ತುಂಬಾ ಸುಸ್ತಾದ ಹಾಗೆ ಕಾಣ್ತಾನೆ ಅಂತ ನಮ್ಮಮ್ಮ ಅಂದಳು.”

“ಮ್ಯಾಂಜನಾರ್ ವಿಷಯ ಯಾರೂ ಎತ್ತಲಿಲ್ಲವೇ?”

ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಮ್ಯಾಂಜನಾರ್ ಇರುವುದು ಅಲ್ಲಿಂದ ಹದಿನಾರು ಕಿಲೋಮೀಟರು. 1942ರಿಂದ 1945ರವರೆಗೆ ಹತ್ತು ಸಾವಿರಕ್ಕೂ ಹೆಚ್ಚು ಜಪಾನಿ ಮೂಲದವರನ್ನು ಮುಳ್ಳುತಂತಿಯೊಳಗೆ ಇಟ್ಟಿದ್ದ ಶಿಬಿರ. ಅವರಲ್ಲಿ ಬಹುಪಾಲು ಜನ ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. “ನಮ್ಮ ಹಿತ್ತಲಿನ ಕೊಟ್ಟಿಗೆ ಆ ಶಿಬಿರದ ಮರದ್ದೇ,” ಅಂದರು. ಯುದ್ಧ ಮುಗಿದ ಮೇಲೆ ಅಲ್ಲಿನ ಮನೆಗಳನ್ನು ಬಿಚ್ಚಿ ಮಾರಿದಾಗ ಅವರ ಅಪ್ಪ ಕೊಂಡುತಂದದ್ದು. ಒಳ್ಳೆಯ ಹಲಗೆ, ಅಗ್ಗದ ಬೆಲೆ. ಒಂದು ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಮಗುವಿನ ಎತ್ತರದ ಗೆರೆಗಳಿದ್ದವಂತೆ. ಪಕ್ಕದಲ್ಲಿ ಇವರಿಗೆ ಓದಲು ಬಾರದ ಅಕ್ಷರ. “ಅದಕ್ಕೇ ನನ್ನ ಎತ್ತರಾನೂ ಗುರುತು ಹಾಕಿಕೊಂಡೆ. ಎಂಟು ವರ್ಷದವನು, ಏನು ಗೊತ್ತಾಗುತ್ತೆ? ಸಿನಿಮಾ ನೋಡುವಾಗಲೂ ಗೊತ್ತಾಗಲಿಲ್ಲ. ನಲವತ್ತು ದಾಟಿದ ಮೇಲೆ ಒಂದು ದಿನ ಟೀವೀಲಿ ಬಂತು, ಆಗ ಕೊಟ್ಟಿಗೆಗೆ ಹೋಗಿ ನೋಡಿದೆ. ಅಷ್ಟರಲ್ಲಿ ಬಣ್ಣ ಬಳಿದುಬಿಟ್ಟಿದ್ದೆವು.”

ಅಷ್ಟರಲ್ಲಿ ಗಾಡಿ ಎಳೆಯುವವನು ಬಂದ. ಮುದುಕರು ಮತ್ತೆ ಫೋಟೋ ಎತ್ತಿಕೊಂಡು, ಭಾವ ಹುಡುಕಿದ ಬಂಡೆಯ ಕಡೆ ಕುರ್ಚಿ ಹೊತ್ತು ನಡೆದರು.

ಆಮೇಲೆ ಡೆತ್ ವ್ಯಾಲಿಗೂ ಹೋದೆವು, ವಿಟ್ನಿ ಪೋರ್ಟಲ್‌ಗೂ ಹತ್ತಿದೆವು. ಫೋಟೋಗಳು ಚೆನ್ನಾಗಿ ಬಂದಿವೆ. ಅದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಮ್ಯಾಂಜನಾರ್‌ನಲ್ಲಿ ಈಗ ಒಂದು ಕಾವಲುಗೋಪುರ, ಒಂದೆರಡು ಬ್ಯಾರಕ್ ಹೊಸದಾಗಿ ಕಟ್ಟಿದ್ದಾರೆ, ಊಟದ ಮನೆಯೊಂದನ್ನು ಬೇರೆ ಕಡೆಯಿಂದ ತಂದು ನಿಲ್ಲಿಸಿದ್ದಾರೆ. ಉಳಿದದ್ದು ಬಯಲು, ಗಾಳಿ, ಶಿಬಿರಕ್ಕೂ ಮೊದಲಿನ ಕೆಲವು ಪೇರ್ ಮರಗಳು. ಅಲ್ಲಿದ್ದವರು ತಾವೇ ಕಲ್ಲು ಜೋಡಿಸಿ ಮಾಡಿಕೊಂಡಿದ್ದ ತೋಟಗಳನ್ನು ಮರಳಿನಡಿಯಿಂದ ಅಗೆದು ತೆಗೆದಿದ್ದಾರೆ. ನಾನು ಸ್ಮಶಾನದ ಬಿಳಿ ಸ್ತಂಭದ ತನಕ ಹೋಗಿ ಬಂದೆ. ಭಾವ ಅಲ್ಲಿನ ಪ್ರದರ್ಶನದ ಒಳಗೇ ಉಳಿದಿದ್ದರು. ಅವರು ನಿಂತಿದ್ದದ್ದು 1943ರಲ್ಲಿ ಶಿಬಿರದವರಿಂದ ತುಂಬಿಸಿಕೊಂಡ ಒಂದು ಅರ್ಜಿಯ ವಿವರದ ಮುಂದೆ. ಅದರ 28ನೇ ಪ್ರಶ್ನೆ: ಅಮೆರಿಕಕ್ಕೆ ನಿಷ್ಠನಾಗಿರುತ್ತೇನೆ, ಜಪಾನಿನ ಚಕ್ರವರ್ತಿಯ ಮೇಲಿನ ನಿಷ್ಠೆ ಬಿಡುತ್ತೇನೆ ಅಂತ ಪ್ರಮಾಣ ಮಾಡುತ್ತೀರಾ? ವಲಸೆ ಬಂದ ಹಿರಿಯರಿಗೆ ಅಮೆರಿಕದ ಪೌರತ್ವ ಕೊಡಲು ಆಗಿನ ಕಾನೂನೇ ಬಿಡುತ್ತಿರಲಿಲ್ಲ. ಹೌದು ಅಂದರೆ ಯಾವ ದೇಶವೂ ಇಲ್ಲ. ಇಲ್ಲ ಅಂದರೆ ದ್ರೋಹಿ. ಇಲ್ಲೇ ಹುಟ್ಟಿದ ಮಕ್ಕಳು ಹೌದು ಅಂದರೆ, ಇಲ್ಲದ ನಿಷ್ಠೆ ಇತ್ತು ಅಂತ ಒಪ್ಪಿಕೊಂಡ ಹಾಗೆ.

“ಎಷ್ಟು ಫಾರಂ ತುಂಬಿದೀನೋ ಈ ದೇಶದಲ್ಲಿ,” ಅಂದರು ಭಾವ. “ಇದಕ್ಕೆ ಏನು ಬರೆದರೂ ಸಿಕ್ಕಿಹಾಕ್ಕೋತೀವಲ್ಲೋ.” ಇಪ್ಪತ್ತು ವರ್ಷದಿಂದ ಅವರನ್ನು ಬಲ್ಲೆ. ತಮಾಷೆಯಿಲ್ಲದೆ ಮಾತಾಡಿದ್ದು ಕೇಳಿದ್ದು ಕಡಿಮೆ.

ರಾತ್ರಿ ಮೋಟೆಲಿನಲ್ಲಿ ಲ್ಯಾಪ್‌ಟಾಪ್ ಮಂಚದ ಮೇಲಿಟ್ಟು ಬ್ಲ್ಯಾಕ್ ರಾಕ್ ಹಾಕಿದೆ. ಒಟ್ಟು 81 ನಿಮಿಷ. ಟ್ರೇಸಿ ಒಂದೇ ಕೈಯಲ್ಲಿ ಅರ್ನೆಸ್ಟ್ ಬೋರ್ಗ್‌ನೈನ್‌ಗೆ ಬಾರಿಸಿದಾಗ ಭಾವ ಶಿಳ್ಳೆ ಹೊಡೆದರು. ಪಕ್ಕದ ಕೋಣೆಯವರು ಗೋಡೆ ತಟ್ಟಿದರು. ಮುಗಿದ ಮೇಲೆ ಭಾವ ಕೇಳಿದರು, “ಆ ಕೊಮೊಕೊನ ಮುಖ ಒಂದ್ಸಲಾನೂ ತೋರಿಸಲಿಲ್ಲವಲ್ಲೋ? ಮಗನದೂ ಇಲ್ಲ. ಇಡೀ ಸಿನಿಮಾದಲ್ಲಿ ಒಬ್ಬ ಜಪಾನಿ ಇಲ್ಲ.”

ಅದೇ ಅದರ ಶಕ್ತಿ ಅಂದೆ. ಊರು ಮುಚ್ಚಿಟ್ಟದ್ದು ನಮಗೂ ಕಾಣಬಾರದು, ಆ ಖಾಲಿ ಜಾಗವೇ ಮಾತಾಡಬೇಕು. ಸಿನಿಮಾ ಸೊಸೈಟಿಯಲ್ಲಿ ಕಲಿತ ಮಾತು, ಸಲೀಸಾಗಿ ಬಂತು.

“ಅದೆಲ್ಲ ಇರಲಿ. ಮೆಡಲ್ ಯಾರಿಗೆ ಕೊಟ್ಟ?”

ಕೊನೆಯಲ್ಲಿ ಊರಿನ ಡಾಕ್ಟರು, ನಮಗೆ ಅದು ಬೇಕು, ಊರು ತಲೆಯೆತ್ತಲು ಏನಾದರೂ ಆಸರೆ ಬೇಕು ಅಂತ ಕೇಳುತ್ತಾನೆ. ಟ್ರೇಸಿ ಕೊಟ್ಟು ರೈಲು ಹತ್ತುತ್ತಾನೆ. ಆ ಕೊನೆಯನ್ನು ನಾನು ಎಷ್ಟೋ ಜನರ ಮುಂದೆ ಹೊಗಳಿದ್ದೇನೆ.

“ಕೊಂದ ಊರಿಗೇ ಕೊಟ್ಟು ಹೋದನಾ?” ಅಂದರು ಭಾವ. “ಹದಿನಾರು ಕಿಲೋಮೀಟರ್ ಆಚೆ ಹತ್ತು ಸಾವಿರ ಜನ ಇದ್ದರಲ್ಲೋ. ಅವರಲ್ಲಿ ಯಾರಿಗಾದ್ರೂ ಕೊಡಬಹುದಿತ್ತು.”

ಕತೆಯ ಊರು ಬೇರೆ, ಚಿತ್ರ ತೆಗೆದ ಊರು ಬೇರೆ ಅಂತ ವಾದಿಸಿದೆ. ಕೊಟ್ಟದ್ದು ಕೊಂದವರ ಕೈಗಲ್ಲ, ಕೊನೆಗೆ ಎದುರು ನಿಂತವನ ಕೈಗೆ ಅಂದೆ. ಡಾಕ್ಟರ್ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದನಲ್ಲ ಅಂದರು ಅವರು. ಮರುದಿನ ಮೊಹಾವೆ ದಾಟುವವರೆಗೂ ಅದೇ ಜಗಳ. ಮನೆಗೆ ಬಂದಾಗ ಅಕ್ಕ ಬಂಡೆಗಳು ಹೇಗಿದ್ದವು ಅಂತ ಕೇಳಿದರೆ, ಭಾವ ಚಪ್ಪಲಿ ಬಿಡುತ್ತಲೇ ಮೆಡಲ್ ವಿಷಯ ಶುರುಮಾಡಿದರು. ಅವಳು ಭಾವನ ಪಕ್ಷ.