ಹೋಗಿ ಬರುವ ಟಿಕೆಟ್ಟು

ಊರಿನಿಂದ ತಂದ ಅರ್ಧ ಕೆಜಿ ಕಾಫಿಪುಡಿಯನ್ನು ಪಕ್ಕದ ಮನೆಯ ಕ್ಯೂಬಾದ ಅಜ್ಜನಿಗೆ ಕೊಡಲು ಮೊನ್ನೆ ಹೋಗಿದ್ದೆ. ಚಿಕ್ಕಮಗಳೂರಿನಿಂದ ಮಯಾಮಿಗೆ ಬರುವಷ್ಟರಲ್ಲಿ ಬೆನ್ನು ಬಿದ್ದುಹೋಯಿತು, ಟಿಕೆಟ್ಟಿನ ಬೆಲೆಯನ್ನಂತೂ ಕೇಳಲೇಬೇಡಿ ಎಂದು ನಾನು ಗೊಣಗುತ್ತಿದ್ದೆ. ಅವರು ಮೊದಲು ಇಳಿದ ನಾಲ್ಕು ತೊಟ್ಟು ಡಿಕಾಕ್ಷನ್ನನ್ನು ಸಕ್ಕರೆಗೆ ಬಿಟ್ಟು, ನೊರೆ ಬರುವವರೆಗೆ ಚಮಚದಿಂದ ಕಡೆಯುತ್ತಲೇ ಹೇಳಿದರು: "ದುಬಾರಿಯಾದರೇನು ಮಗಳೇ, ನಿನಗೆ ಹೋಗಿ ಬರುವ ಟಿಕೆಟ್ ಕೊಡುತ್ತಾರಲ್ಲ."

ನನಗೆ ಚುರುಕ್ಕೆಂದಿತು. ಅವರ ತಮ್ಮನ ಮಗ ಎಡಗೈ ಪಿಚರ್, ಎಂದರೆ ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನು. ತಂಡದೊಂದಿಗೆ ಮೆಕ್ಸಿಕೊ ಪ್ರವಾಸಕ್ಕೆ ಹೋದವನು ಒಂದು ರಾತ್ರಿ ಹೋಟೆಲಿನಿಂದ ಹೊರಬಿದ್ದು ಅಲ್ಲಿಯೇ ಉಳಿದುಬಿಟ್ಟ. ಹೀಗೆ ತಂಡ ತೊರೆದವರನ್ನು ಕ್ಯೂಬಾ ವರ್ಷಗಟ್ಟಲೆ ಒಳಗೆ ಬಿಟ್ಟುಕೊಳ್ಳದ ಕಾರಣ, ತಾಯಿಯ ಮಣ್ಣಿಗೂ ಅವನಿಗೆ ಹೋಗಲಾಗಲಿಲ್ಲ. ಇಲ್ಲಿನ ದಕ್ಷಿಣ ತುದಿಯ ಕೀ ವೆಸ್ಟ್ ದ್ವೀಪದಿಂದ ಕ್ಯೂಬಾಕ್ಕೆ ಸುಮಾರು 145 ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮೂರಿನಿಂದ ಚಾರ್ಮಾಡಿ ಇಳಿದು ಮಂಗಳೂರು ಮುಟ್ಟುವಷ್ಟು ದೂರ.

1961ರಲ್ಲಿ ಕ್ಯಾಸ್ಟ್ರೊ ಸರ್ಕಾರ ವೃತ್ತಿಪರ ಕ್ರೀಡೆಯನ್ನು ರದ್ದುಮಾಡಿತು. ಅಂದಿನಿಂದ ದಶಕಗಟ್ಟಲೆ ಅಲ್ಲಿ ಬೇಸ್‌ಬಾಲ್ ಆಡುತ್ತಿದ್ದವನು ಹೆಸರಿಗೆ ಹವ್ಯಾಸಿ, ಸಂಬಳಕ್ಕೆ ಸರ್ಕಾರದ ಆಳು. 1991ರಲ್ಲಿ ಪಿಚರ್ ರೆನೆ ಅರೋಚ ಇದೇ ಮಯಾಮಿಯ ವಿಮಾನನಿಲ್ದಾಣದಲ್ಲಿ ತಂಡದಿಂದ ಕಳಚಿಕೊಂಡ ಮೇಲೆ ಒಬ್ಬರ ಹಿಂದೊಬ್ಬರು ಹೊರಟರು. ಆದರೆ ನೇರವಾಗಿ ಅಮೆರಿಕಕ್ಕೆ ಬಂದು ನೆಲೆಸಿದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟಿನಲ್ಲಿ ಆರಿಸಿಕೊಂಡ ಒಂದೇ ತಂಡದ ಕೈಗೆ ಸಿಕ್ಕಿಬೀಳಬೇಕು, ಮೂರನೆಯ ದೇಶದಲ್ಲಿ ನೆಲೆಸಿದವರು ಮಾತ್ರ ಎಲ್ಲ ತಂಡಗಳೊಂದಿಗೂ ಚೌಕಾಸಿ ಮಾಡಬಹುದು ಎಂಬುದು ಇಲ್ಲಿನ ನಿಯಮವಾಗಿದ್ದರಿಂದ, ಎದುರಿಗೇ ಇರುವ ದಡವನ್ನು ಬಿಟ್ಟು ಮೆಕ್ಸಿಕೊ, ಹೈಟಿಗಳನ್ನು ಸುತ್ತಿ ಬರುವ ದಾರಿ ಹುಟ್ಟಿತು. ಆ ದಾರಿಯುದ್ದಕ್ಕೂ ಆಟಗಾರನ ಮುಂದಿನ ಸಂಬಳದಲ್ಲಿ ಪಾಲು ಕೇಳುವ ಕಳ್ಳಸಾಗಣೆದಾರರೂ ಹುಟ್ಟಿಕೊಂಡರು. 2013ರಲ್ಲಿ ಹೈಟಿಯಿಂದ ಮಯಾಮಿಗೆ ಬರುವ ವಿಮಾನದಲ್ಲಿ ನಕಲಿ ಪಾಸ್‌ಪೋರ್ಟಿನ ಪುಟವನ್ನು ಹರಿದು ಬಿಯರಿನೊಂದಿಗೆ ನುಂಗಿದ್ದಾಗಿ ಕ್ಯೂಬಾದ ಆಟಗಾರ ಹೊಸೆ ಅಬ್ರೆಯು ನ್ಯಾಯಾಲಯದಲ್ಲಿಯೇ ಹೇಳಿದ್ದಾರೆ. ಈ ಅವಸ್ಥೆ ತಪ್ಪಲೆಂದು 2018ರ ಡಿಸೆಂಬರಿನಲ್ಲಿ ಕ್ಯೂಬಾದ ಒಕ್ಕೂಟ ಮತ್ತು ಅಮೆರಿಕದ ವೃತ್ತಿಪರ ಬೇಸ್‌ಬಾಲಿನ ಮೇಜರ್ ಲೀಗ್ ಮಾಡಿಕೊಂಡ ಒಪ್ಪಂದವನ್ನು ಟ್ರಂಪ್ ಸರ್ಕಾರ ನಾಲ್ಕೇ ತಿಂಗಳಲ್ಲಿ ಮುರಿಯಿತು. ಅಜ್ಜ ಎರಡೂ ಸರ್ಕಾರಗಳನ್ನು ಒಂದೇ ಉಸಿರಿನಲ್ಲಿ ಬೈಯುತ್ತಾರೆ.

2023ರ ಮಾರ್ಚಿನಲ್ಲಿ ಕ್ಯೂಬಾ ತಂಡ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ನ ಸೆಮಿಫೈನಲ್ ಆಡಲು ಮಯಾಮಿಗೇ ಬಂದಿತ್ತು. ಮೈದಾನದಲ್ಲಿ ಇಲ್ಲಿ ನೆಲೆಸಿದ ಕ್ಯೂಬನ್ನರೇ ಆ ತಂಡದ ವಿರುದ್ಧ ಘೋಷಣೆ ಕೂಗಿದರು. ಅಜ್ಜ ಮನೆಯಲ್ಲಿ ಟಿವಿಯ ದನಿ ಅಡಗಿಸಿ ಕುಳಿತಿದ್ದರು. ಅಮೆರಿಕ ರನ್ನು ಗಳಿಸಿದಾಗ ಮೊದಮೊದಲು ನಕ್ಕರು. ಅಂತರ 14–2ಕ್ಕೆ ಬೆಳೆದಾಗ ಎದ್ದುಹೋಗಿ, ಮಡಿಸಿಟ್ಟಿದ್ದ ಬಟ್ಟೆಗಳನ್ನೇ ಮತ್ತೆ ಮಡಿಸತೊಡಗಿದರು.

ಅದರ ಮರುವರ್ಷ ನಮ್ಮ ಮನೆಯಲ್ಲೂ ಒಂದು ಪಂದ್ಯ ನಡೆದಿತ್ತೆನ್ನಿ. ಡಲ್ಲಾಸಿನಲ್ಲಿ ಅಮೆರಿಕದ ಪರವಾಗಿ ಪಾಕಿಸ್ತಾನದ ಮೂರು ವಿಕೆಟ್ ಕಿತ್ತ ನೊಸ್ತುಷ್ ಕೆಂಜಿಗೆ ಹುಟ್ಟಿದ್ದು ಅಲಬಾಮದಲ್ಲಾದರೂ ಮನೆತನ ಕರ್ನಾಟಕದ್ದು; ನಮ್ಮ ಕುಟುಂಬದ ವಾಟ್ಸಾಪ್ ಗುಂಪು ಇಡೀ ದಿನ "ನಮ್ಮ ಹುಡುಗ" ಎಂದು ಬೀಗಿತು. ಬೇರೆ ದೇಶಕ್ಕೆ ಏಕೆ ಆಡಿದ ಎಂದು ಒಬ್ಬರೂ ಕೇಳಲಿಲ್ಲ. ಹಾಗೆಂದು ನಮ್ಮಲ್ಲಿ ಎಲ್ಲವೂ ಮುಕ್ತವೆಂದೇನೂ ಅಲ್ಲ: ನಿವೃತ್ತರಾಗದ ಹೊರತು ನಮ್ಮ ಪುರುಷ ಆಟಗಾರರು ಹೊರದೇಶದ ಟಿ20 ಲೀಗುಗಳಲ್ಲಿ ಆಡುವಂತಿಲ್ಲ ಎಂಬ ಕ್ರಿಕೆಟ್ ಮಂಡಳಿಯ ಕಟ್ಟಳೆಯನ್ನು ನಾವು ಸಹಜವೆಂಬಂತೆ ಒಪ್ಪಿಕೊಂಡಿದ್ದೇವೆ. ಕೆಂಜಿಗೆಯ ಕಥೆಯನ್ನು ಹೇಳಿದಾಗ ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: "ತನ್ನ ಅಮ್ಮನನ್ನು ನೋಡಲು ಅವನು ಹೋಗಬಹುದೇ?" ಹೋಗಬಹುದು ಎಂದೆ.

ಮೊನ್ನೆಯ ಕಾಫಿಯನ್ನು ಒಂದು ಗುಟುಕು ಕುಡಿದು, ಇದಕ್ಕೇನೋ ಬೆರಸಿದ್ದಾರೆ ಎಂದರು. ಚಿಕೋರಿ ಎಂದೆ. ತಮ್ಮಲ್ಲಿ ರೇಷನ್ನಿನ ಕಾಫಿಗೆ ಹುರಿದ ಬಟಾಣಿ ಬೆರಸುತ್ತಿದ್ದರೆಂದು ನಕ್ಕು, ಅರ್ಧ ಪುಡಿಯನ್ನು ಬೇರೊಂದು ಡಬ್ಬಿಗೆ ಸುರಿದರು. ತಮ್ಮನ ಮಗನಿಗೆ ಇಲ್ಲಿಗೆ ಬರಲು ಕಾಗದಪತ್ರ ಸಿಕ್ಕಾಗ ಬೇಕಾಗುತ್ತದೆ ಎನ್ನುತ್ತ ಅದರ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಮೇಲಿನ ಕಪಾಟಿನಲ್ಲಿಟ್ಟರು.