ನೀರಿಗೆ ಹೆದರುವ ನಾಯಿಯ ಜೊತೆ ತೊಣ್ಣೂರು ಕೆರೆಗೆ

ನಮ್ಮ ಬೆಲ್ಲಿ ಮಳೆಗಾಲದಲ್ಲಿ ಮೋರಿಯೊಳಗೆ ಸಿಕ್ಕ ಬೀದಿ ಮರಿ. ಎದೆಮಟ್ಟ ಕೊಚ್ಚೆ ನೀರಲ್ಲಿ ನಡುಗುತ್ತಾ ನಿಂತಿದ್ದಳು. ಈಗ ಮೂರೂವರೆ ವರ್ಷ. ಇವತ್ತಿಗೂ ಬಚ್ಚಲಲ್ಲಿ ಬಕೆಟ್ ಸದ್ದಾದರೆ ಸಾಕು, ಮಂಚದ ಕೆಳಗೆ ಸೇರಿಬಿಡುತ್ತಾಳೆ. ಮಳೆ ಬಂದ ದಿನ ಅಂಗಳದ ನೀರು ದಾಟುವುದಕ್ಕೂ ಹಿಂದೆಗೆಯುತ್ತಾಳೆ. ಇಂಥವಳನ್ನು ಕೆರೆಗೆ ಕರೆದುಕೊಂಡು ಹೋಗಿದ್ದೆ ಅಂದರೆ ಯಾಕೆ ಅಂತ ಕೇಳುವವರೇ ಹೆಚ್ಚು. ಕೆರೆ ಅಂದರೆ ನೀರೊಂದೇ ಅಲ್ಲವಲ್ಲ. ಏರಿಯ ಮೇಲಿನ ಗಾಳಿ, ಬಂಡೆ, ಹುಲ್ಲು, ಮೂಸುವುದಕ್ಕೆ ನೂರೆಂಟು ವಾಸನೆ ಎಲ್ಲ ಇರುತ್ತದೆ. ಊರೊಳಗಿನ ನಾಯಿಗೆ ಇದೆಲ್ಲ ಎಲ್ಲಿ ಸಿಗಬೇಕು?

ನಾವು ಮೈಸೂರಿನವರು. ಹೋಗಿದ್ದು ಪಾಂಡವಪುರ ತಾಲ್ಲೂಕಿನ ಕೆರೆ ತೊಣ್ಣೂರಿಗೆ. ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಹೋದರೆ ಸುಮಾರು 40 ಕಿಲೋಮೀಟರ್, ಒಂದು ಗಂಟೆಯ ದಾರಿ. ಬೆಂಗಳೂರಿನಿಂದ ಬರುವವರು ನಡುವೆ ಒಮ್ಮೆಯಾದರೂ ಕಾರು ನಿಲ್ಲಿಸಿ ನಾಯಿಯನ್ನು ಇಳಿಸಿ ನಡೆಸಿ. ಹೊರಡುವ ಮೂರು ಗಂಟೆ ಮುಂಚೆಯೇ ನಾಯಿಯ ಊಟ ಮುಗಿದಿರಬೇಕು, ಇಲ್ಲದಿದ್ದರೆ ದಾರಿಯಲ್ಲಿ ವಾಂತಿ ಗ್ಯಾರಂಟಿ.

ಈ ಕೆರೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನೀರು ತಿಳಿಯಾಗಿರುತ್ತದೆ, ದಡದ ಹತ್ತಿರ ತಳದ ಕಲ್ಲು ಕಾಣುತ್ತದೆ. ಮೋತಿ ತಲಾಬ್, ಮುತ್ತಿನ ಕೆರೆ ಅನ್ನುವ ಹೆಸರು ಬಂದಿದ್ದೇ ಅದರಿಂದ ಅನ್ನುತ್ತಾರೆ. ರಾಮಾನುಜಾಚಾರ್ಯರು ಇದನ್ನು ತಿರುಮಲಸಾಗರ ಎಂದು ಕರೆದರು ಅನ್ನುವ ಮಾತೂ ಉಂಟು. ಊರೊಳಗೆ ಹೊಯ್ಸಳರ ಕಾಲದ ನಂಬಿ ನಾರಾಯಣ ದೇವಸ್ಥಾನವಿದೆ. ನಾಯಿ ಜೊತೆಗಿದ್ದರೆ ಇಬ್ಬರು ಹೋಗುವುದು ಒಳ್ಳೆಯದು: ಒಬ್ಬರು ದೇವಸ್ಥಾನ ನೋಡಿ ಬರುವವರೆಗೆ ಇನ್ನೊಬ್ಬರು ನಾಯಿ ಜೊತೆ ನೆರಳಲ್ಲಿ ಕೂರಬಹುದು. ಕಾರಿನೊಳಗೆ ಮಾತ್ರ ಬಿಟ್ಟು ಹೋಗಬೇಡಿ. ಕಿಟಕಿ ಸ್ವಲ್ಪ ಇಳಿಸಿದ್ದರೂ ಬಿಸಿಲಲ್ಲಿ ಕಾರು ಹತ್ತೇ ನಿಮಿಷಕ್ಕೆ ಕಾದ ಒಲೆಯಾಗುತ್ತದೆ.

ಮೊದಲ ಸಲ ಹೋದಾಗ ನಾನೊಂದು ತಪ್ಪು ಮಾಡಿದೆ. ನೀವು ಅದನ್ನು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿರುವುದು. ಒಮ್ಮೆ ನೀರು ತಾಗಿದರೆ ಹೆದರಿಕೆ ಹೋದೀತು ಅಂದುಕೊಂಡು ಬೆಲ್ಲಿಯನ್ನು ಎತ್ತಿಕೊಂಡು ಹೋಗಿ ಮೊಣಕಾಲುದ್ದದ ನೀರಲ್ಲಿ ಇಳಿಸಿಬಿಟ್ಟೆ. ಅವಳು ನನ್ನ ತೋಳನ್ನೇ ಹತ್ತಿದಳು, ಉಗುರು ಕಿತ್ತ ಗೆರೆ ಭುಜದವರೆಗೆ ಎದ್ದಿತು. ಮರುಗಳಿಗೆಯಲ್ಲಿ ತಲೆ ಹಿಂದಕ್ಕೆಳೆದು ಕೊರಳಪಟ್ಟಿಯಿಂದ ನುಣುಚಿಕೊಂಡು ಬಂಡೆಗಳ ಕಡೆ ಓಟ. ನಾನೂ ಅಕ್ಕನೂ ಕೂಗುತ್ತಾ ಹಿಂದೆ ಓಡಿದಷ್ಟೂ ಅವಳು ಮೇಲಕ್ಕೆ ಹತ್ತಿದಳು. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ನಮ್ಮನ್ನು ತಡೆದರು. "ಅಟ್ಟುಸ್ಕೊಂಡು ಹೋಗ್ಬ್ಯಾಡ್ರವ್ವ, ಸುಮ್ಕೆ ಕೂತ್ಕಳಿ. ಅದೇ ಬತ್ತದೆ." ಬಂಡೆಗೆ ಬೆನ್ನು ಮಾಡಿ ಕೂತೆವು. ನನ್ನ ಎದೆ ಡವಡವ ಅನ್ನುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟು ಬೆನ್ನಿಗೆ ಒದ್ದೆ ಮೂಗು ತಾಗಿತು.

ಅದಾದ ಮೇಲೆ ಎರಡು ತಿಂಗಳು ಅವಳು ಕಾರು ಹತ್ತಲಿಲ್ಲ. ನಂಬಿಕೆ ಕಳೆದುಕೊಳ್ಳುವುದಕ್ಕೆ ಒಂದು ಗಳಿಗೆ ಸಾಕಾಯಿತು.

ಎರಡನೇ ಸಲ ಹೋಗಿದ್ದು ಡಿಸೆಂಬರಿನಲ್ಲಿ, ವಾರದ ಮಧ್ಯೆ. ಭಾನುವಾರ ಅಲ್ಲಿ ಜನ ಸೇರುತ್ತಾರೆ. ನೀರಲ್ಲಿ ಹುಡುಗರ ಕೂಗಾಟವಿದ್ದರೆ ಅಂಜುವ ನಾಯಿ ಇನ್ನೂ ಅಂಜುತ್ತದೆ. ಏಳೂವರೆಗೇ ಕೆರೆ ಮುಟ್ಟಿದ್ದೆವು. ಕೊರಳಪಟ್ಟಿಯ ಬದಲು ಎದೆಗೂ ಹೊಟ್ಟೆಗೂ ಸುತ್ತುವ ಹಾರ್ನೆಸ್ ಹಾಕಿ, ಉದ್ದದ ಹಗ್ಗ ಕಟ್ಟಿದ್ದೆ. ನೀರಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಚಾಪೆ ಹಾಸಿದೆವು. ಆ ದೂರವನ್ನು ಗೊತ್ತುಮಾಡಿದ್ದು ಬೆಲ್ಲಿಯೇ, ಅವಳು ಬಾಲ ಇಳಿಸಿ ನಿಂತ ಜಾಗ ಅದು.

ಒಂದು ಗಂಟೆ ಏನೂ ಮಾಡಲಿಲ್ಲ. ಅಕ್ಕ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು, ಬೆಲ್ಲಿ ಹುಲ್ಲು ಮೂಸಿದಳು, ಮರಳಲ್ಲಿ ಹೊರಳಿದಳು. ಆಮೇಲೆ ನಾನೇ ದಡಕ್ಕೆ ಹೋಗಿ, ಅವಳನ್ನು ಕರೆಯದೆ, ಪಕ್ಕಕ್ಕೆ ತಿರುಗಿ ಕುಕ್ಕುರುಗಾಲಲ್ಲಿ ಕೂತೆ. ಹಗ್ಗ ಸಡಿಲವೇ ಇತ್ತು. ಬಂದಳು. ಕತ್ತು ಮುಂದಕ್ಕೆ, ಹಿಂಗಾಲು ಹಿಂದಕ್ಕೆ. ಒಂದು ಸಣ್ಣ ಅಲೆ ಉಗುರಿಗೆ ತಾಗಿದ ಕೂಡಲೇ ಕಾಲೆತ್ತಿಕೊಂಡಳು, ಒದ್ದೆಯಾದ ಪಾದವನ್ನು ನೆಕ್ಕಿದಳು, ಮತ್ತೆ ಅದೇ ಜಾಗದಲ್ಲಿ ಊರಿದಳು. ಬೇಯಿಸಿದ ಕೋಳಿಯ ಒಂದು ಚೂರು ಕೊಟ್ಟೆ. ಇನ್ನೊಂದು ಹೆಜ್ಜೆಗೆ ಆಸೆಪಟ್ಟು ನಾನು ಕೈ ಚಾಚುವುದರಲ್ಲಿದ್ದೆ. "ಬಿಡೇ, ಇವತ್ತಿಗೆ ಅಷ್ಟು ಸಾಕು," ಅಂದಳು ಅಕ್ಕ. ಬಿಟ್ಟೆ. ಮೂರು ಸಲ ಬೆಲ್ಲಿಯೇ ಹೋಗಿ ಬಂದಳು.

ತಿನಿಸು ಹಿಡಿದು ನೀರೊಳಕ್ಕೆ ಸೆಳೆಯಬೇಡಿ. ಆಸೆಗೆ ಕಾಲಿಟ್ಟು, ಆಮೇಲೆ ಎಲ್ಲಿದ್ದೇನೆಂದು ಅರಿವಾಗಿ ಗಾಬರಿಯಾಗುತ್ತದೆ. ಬಾಲ ಒಳಗೆ ಮಡಚುವುದು, ಮೇಲಿಂದ ಮೇಲೆ ತುಟಿ ನೆಕ್ಕುವುದು, ಸುಮ್ಮಸುಮ್ಮನೆ ಆಕಳಿಸುವುದು ಕಂಡರೆ ಹಿಂದಕ್ಕೆ ಬನ್ನಿ. ನೀವೂ ನಾಯಿಯ ನೆಪದಲ್ಲಿ ಆಳಕ್ಕೆ ಇಳಿಯಬೇಡಿ. ತಿಳಿನೀರು ಆಳವನ್ನು ಮರೆಮಾಚುತ್ತದೆ, ಇಲ್ಲಿ ಈಜಲು ಹೋಗಿ ಮುಳುಗಿದವರಿದ್ದಾರೆ.

ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ, ಒಂದು ನಾಯಿಗೆ ಎರಡು ಲೀಟರಾದರೂ ಇರಲಿ. ಯಾವ ಕೆರೆಯಾದರೂ ದಡದಲ್ಲಿ ಹಸಿರು ಬಣ್ಣ ಬಳಿದಂತೆ ಪಾಚಿ ತೇಲುತ್ತಿದ್ದರೆ ನಾಯಿಯನ್ನು ಹತ್ತಿರಕ್ಕೂ ಬಿಡಬೇಡಿ. ನೀಲಿ-ಹಸಿರು ಪಾಚಿಯ ವಿಷ ನಾಯಿಗಳ ಜೀವ ತೆಗೆಯಬಲ್ಲದು. ಇಲಿ ಜ್ವರ ಇಲಿಗಳ ಮೂತ್ರ ಸೇರಿದ ನೀರಿನಿಂದ ಬರುತ್ತದೆ, ಮನುಷ್ಯರಿಗೂ ಹರಡುತ್ತದೆ. ಅದರ ಲಸಿಕೆ ಮತ್ತು ರೇಬೀಸ್ ಲಸಿಕೆಯ ಗಡುವು ಮೀರಿಲ್ಲವೇ ಎಂದು ಹೊರಡುವ ಮುಂಚೆಯೇ ಕಾರ್ಡು ತೆಗೆದು ನೋಡಿ. ಹತ್ತೂವರೆ ಹೊತ್ತಿಗೆ ಬಂಡೆ ಕಾಯತೊಡಗುತ್ತದೆ. ಅಂಗೈ ಹಿಂಬದಿಯನ್ನು ಬಂಡೆಗೆ ಒತ್ತಿ ಏಳು ಎಣಿಸುವಷ್ಟು ಹೊತ್ತು ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ತಡೆಯದು. ಕುರಿಮಂದೆ ಬಂದಾಗ ಹಗ್ಗ ಗಿಡ್ಡ ಹಿಡಿಯಿರಿ. ಅದು ಕುರಿ ಮೇಯಿಸುವವರ ಜೀವನ.

ಅಲ್ಲಿಂದ ಮೇಲುಕೋಟೆ ಹತ್ತಿರವೇ, ಪುಳಿಯೋಗರೆಯ ಆಸೆಯೂ ಇತ್ತು. ಆದರೆ ಅಲ್ಲಿ ಕೋತಿಗಳ ಕಾಟ. ನಾಯಿ ಜೊತೆಗಿರುವಾಗ ಬೇಡವೆಂದು ಹನ್ನೊಂದಕ್ಕೆಲ್ಲ ಮನೆ ಕಡೆ ತಿರುಗಿದೆವು.

ಮನೆಗೆ ಬಂದ ಮೇಲೆ ಬೆಲ್ಲಿಯ ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಉಣುಗು ಹುಡುಕಿದೆ. ಹುಲ್ಲಲ್ಲಿ ಓಡಾಡಿ ಬಂದ ನಾಯಿಗೆ ಇದನ್ನು ತಪ್ಪಿಸಬೇಡಿ, ಟಿಕ್ ಜ್ವರ ಬರುವುದು ಉಣುಗಿನಿಂದಲೇ. ಬೆರಳ ಸಂದಿಯಲ್ಲಿ ಒಂದು ಸಿಕ್ಕಿತು. ಚರ್ಮಕ್ಕೆ ತಾಗುವಂತೆ ಚಿಮಟದಲ್ಲಿ ಹಿಡಿದು ನೇರಕ್ಕೆ ಎಳೆದೆ. ಮುಂಗಾಲ ಮೇಲೆ ಒಣಗಿದ ಮಣ್ಣಿನ ಗೆರೆ ಇತ್ತು, ಎರಡು ಬೆರಳಿನ ಎತ್ತರಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಚ್ಚಲಿಗೆ ಕರೆಯಲಿಲ್ಲ.