ಸೆನೆಟ್ ಬಿಟ್ಟು ಯಾರಾದರೂ ಮೇಯರ್ ಆಗ್ತಾರಾ?

ಇನ್ನೂರು ವರ್ಷ ಹಿಂದಿನ ನ್ಯೂಯಾರ್ಕ್ ರಾಜಕಾರಣಿ ಡಿವಿಟ್ ಕ್ಲಿಂಟನ್ ಹೆಸರೆತ್ತಿದರೆ ಸಾಕು, ಬಿಲ್ ಕ್ಲಿಂಟನ್‌ಗೆ ಏನಾಗಬೇಕು ಅಂತ ಕೇಳುತ್ತಾರೆ. ಏನೂ ಆಗಬೇಕಿಲ್ಲ. ಅದು ಮುಗಿದ ಮೇಲೆ ಬರುವುದು ಅಸಲಿ ಪ್ರಶ್ನೆ: 1802ರಲ್ಲಿ ಅಮೆರಿಕದ ಸೆನೆಟ್‌ಗೆ ಹೋದವನು ಎರಡು ವರ್ಷ ತುಂಬುವ ಮೊದಲೇ ರಾಜೀನಾಮೆ ಬಿಸಾಕಿ ನ್ಯೂಯಾರ್ಕ್ ನಗರದ ಮೇಯರ್ ಆಗಲು ವಾಪಸ್ ಬಂದನಲ್ಲ, ತಲೆ ನೆಟ್ಟಗಿತ್ತಾ?

ನೆಟ್ಟಗೇ ಇತ್ತು. ಆಗಿನ ವಾಷಿಂಗ್ಟನ್ ಅಂದರೆ ಅರೆಬರೆ ಕಟ್ಟಡಗಳು, ಕೆಸರಿನ ರಸ್ತೆ. ಕೇಂದ್ರದ ಕೈಯಲ್ಲಿ ಹಂಚಲು ಹೆಚ್ಚೇನೂ ಇರಲಿಲ್ಲ. ಅಧಿಕಾರ ಇದ್ದದ್ದು ರಾಜ್ಯಗಳಲ್ಲಿ, ಅದರಲ್ಲೂ ನ್ಯೂಯಾರ್ಕಿನ ನೇಮಕಾತಿ ಮಂಡಳಿಯಲ್ಲಿ. ಗವರ್ನರ್ ಮತ್ತು ರಾಜ್ಯ ಸೆನೆಟ್‌ನ ನಾಲ್ವರು, ಒಟ್ಟು ಐದೇ ಜನ. ಷೆರಿಫ್, ನ್ಯಾಯಾಧೀಶ, ಗುಮಾಸ್ತ, ಹರಾಜುಗಾರ, ಸೇನಾಪಡೆಯ ಅಧಿಕಾರಿ, ಎಲ್ಲರನ್ನೂ ನೇಮಿಸುತ್ತಿದ್ದವರು ಇವರೇ. 1821ರ ಹೊತ್ತಿಗೆ ಇವರ ಕೈಯಲ್ಲಿದ್ದ ಹುದ್ದೆಗಳು ಸುಮಾರು 15,000. ನ್ಯೂಯಾರ್ಕ್ ಮೇಯರ್ ಹುದ್ದೆಯೂ ಅದರಲ್ಲೊಂದು. ಜನ ಓಟು ಹಾಕಿ ಆರಿಸುತ್ತಿರಲಿಲ್ಲ.

1801ರಲ್ಲಿ ಆ ಮಂಡಳಿಯೊಳಗೆ ಕೂತಿದ್ದವನು ಇದೇ ಕ್ಲಿಂಟನ್, ಮೂವತ್ತೆರಡರ ಪ್ರಾಯ. ಹೆಸರು ಸೂಚಿಸುವ ಹಕ್ಕು ಗವರ್ನರ್‌ಗೆ ಮಾತ್ರವಲ್ಲ, ಸದಸ್ಯರಿಗೂ ಉಂಟೆಂದು ಹಟ ಹಿಡಿದು ಗೆದ್ದ. ಆಮೇಲೆ ಎದುರು ಪಕ್ಷದವರನ್ನು ಸಾಲುಸಾಲಾಗಿ ಮನೆಗೆ ಕಳಿಸಿದ. ಗವರ್ನರ್ ಕುರ್ಚಿಗೆ ಬಂದದ್ದು ಸ್ವಂತ ಚಿಕ್ಕಪ್ಪ ಜಾರ್ಜ್ ಕ್ಲಿಂಟನ್. ಹೀಗಿರುವಾಗ ಮೇಯರ್‌ಗಿರಿ ಕೆಳಗಿಳಿದ ಹಾಗೆ ಹೇಗಾದೀತು? ಶುಲ್ಕಗಳಿಂದ ಒಳ್ಳೆಯ ಆದಾಯ ಬೇರೆ. ಮೇಯರ್ ನ್ಯಾಯಾಲಯದಲ್ಲೂ ಕೂರುತ್ತಿದ್ದ: ತಪ್ಪೊಪ್ಪಿಗೆಯಲ್ಲಿ ಕೇಳಿದ್ದನ್ನು ಕ್ಯಾಥೊಲಿಕ್ ಪಾದ್ರಿ ಬಾಯಿಬಿಡಬೇಕಿಲ್ಲ ಎಂದು 1813ರಲ್ಲಿ ತೀರ್ಪು ಕೊಟ್ಟದ್ದು ಈ ಮೇಯರ್ ಕ್ಲಿಂಟನ್ನೇ.

ಮನುಷ್ಯ ಸೌಮ್ಯನೇನಲ್ಲ. 1802ರಲ್ಲಿ ಆಗಿನ ಉಪಾಧ್ಯಕ್ಷ ಆರನ್ ಬರ್‌ನ ಗೆಳೆಯ ಜಾನ್ ಸ್ವಾರ್ಟ್‌ವೌಟ್ ಜೊತೆ ಪಿಸ್ತೂಲಿನ ದ್ವಂದ್ವಯುದ್ಧಕ್ಕೆ ನಿಂತ. ಐದು ಸುತ್ತು ಗುಂಡು ಹಾರಿತು. ಎದುರಾಳಿಗೆ ಕಾಲಿಗೇ ಎರಡು ಏಟು. ಇನ್ನೂ ಬೇಕು ಅಂತ ಅವನು ಪಟ್ಟು ಹಿಡಿದರೆ ಸಾಕು ಅಂತ ಹೊರಟವನು ಕ್ಲಿಂಟನ್.

ಆದರೆ ತಾನೇ ಚುರುಕು ಮಾಡಿದ ಯಂತ್ರ ತನ್ನನ್ನೂ ಬಿಡಲಿಲ್ಲ. ಮಂಡಳಿ ಕೈಬದಲಾದಾಗಲೆಲ್ಲ, 1807, 1810, ಕೊನೆಗೆ 1815ರಲ್ಲಿ, ಮೇಯರ್ ಪದವಿ ಹೋಯಿತು. ಮಾಡಿದ್ದುಣ್ಣೋ ಮಹರಾಯ. ನನಗೆ ಅಯ್ಯೋ ಅನಿಸುವುದಿಲ್ಲ.

ಇಷ್ಟೇ ಆಗಿದ್ದರೆ ನಾನೂ ಅವನ ಸುದ್ದಿಗೆ ಹೋಗುತ್ತಿರಲಿಲ್ಲ. ಇರುವುದು ಕಾಲುವೆ. ಹಡ್ಸನ್ ನದಿಯಿಂದ ಈರಿ ಸರೋವರಕ್ಕೆ 363 ಮೈಲಿ, 40 ಅಡಿ ಅಗಲ, 4 ಅಡಿ ಆಳ, ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸಲು 83 ಲಾಕ್‌ಗಳು. ಅಧ್ಯಕ್ಷ ಜೆಫರ್ಸನ್ ಇದನ್ನು ಹುಚ್ಚಿಗೆ ಹತ್ತಿರದ ಮಾತು ಅಂದಿದ್ದರು. ಕ್ಲಿಂಟನ್ ವಾಷಿಂಗ್ಟನ್‌ಗೆ ಹೋಗಿ ನೆರವು ಕೇಳಿ ಬರಿಗೈಯಲ್ಲಿ ಬಂದ. 1817ರ ಮಾರ್ಚ್‌ನಲ್ಲಿ, ಇಂಥ ಕೆಲಸಗಳಿಗೆ ಕೇಂದ್ರದ ಹಣ ಕೊಡುವ ಮಸೂದೆಯನ್ನು ಅಧ್ಯಕ್ಷ ಮ್ಯಾಡಿಸನ್ ತಿರಸ್ಕರಿಸಿದರು. ಮರು ತಿಂಗಳೇ ನ್ಯೂಯಾರ್ಕ್ ತಾನೇ ಕಟ್ಟುತ್ತೇನೆಂದು ಕಾಯ್ದೆ ಮಾಡಿತು. ಸಾಲ ಎತ್ತಿತು, ಉಪ್ಪಿನ ಸುಂಕ, ಹರಾಜು ಸುಂಕವನ್ನು ಅದಕ್ಕೆ ಕಟ್ಟಿಟ್ಟಿತು. ಜುಲೈ 4ರಂದು ರೋಮ್ ಎಂಬ ಊರಿನಲ್ಲಿ ಗುದ್ದಲಿ ಬಿತ್ತು. ಗವರ್ನರ್ ಆಗಿ ಕ್ಲಿಂಟನ್ ಬಂದು ನಾಲ್ಕೇ ದಿನ. ಓದಿ ಪಾಸಾದ ಎಂಜಿನಿಯರ್ ಅಂತ ಯಾರೂ ಇರಲಿಲ್ಲ. ಮುಂದೆ ನಿಂತ ಬೆಂಜಮಿನ್ ರೈಟ್, ಜೇಮ್ಸ್ ಗೆಡ್ಡೆಸ್ ಇಬ್ಬರೂ ಜಮೀನು ಅಳೆದು ಪಳಗಿದವರು. ನೀರಿನಲ್ಲಿ ಗಟ್ಟಿಯಾಗುವ ಸಿಮೆಂಟಿಗೆ ಬೇಕಾದ ಸುಣ್ಣದ ಕಲ್ಲು ಅಲ್ಲೇ ಹತ್ತಿರದಲ್ಲಿ ಸಿಕ್ಕಿತು.

1824ರ ಏಪ್ರಿಲ್‌ನಲ್ಲಿ ಕೆಲಸ ಮುಗಿಯುವ ಹಂತಕ್ಕೆ ಬಂದಾಗ, ವಿರೋಧಿಗಳು ಅಧಿವೇಶನದ ಕೊನೆ ಗಳಿಗೆಯಲ್ಲಿ ಅವನನ್ನು ಕಾಲುವೆ ಆಯೋಗದಿಂದಲೇ ಕಿತ್ತುಹಾಕಿದರು. ಅದು ಸಂಬಳವಿಲ್ಲದ ಹುದ್ದೆ! ಜನ ರೊಚ್ಚಿಗೆದ್ದರು, ಅದೇ ನವೆಂಬರ್ ಚುನಾವಣೆಯಲ್ಲಿ ಗೆದ್ದು ಮತ್ತೆ ಗವರ್ನರ್. 1825ರ ನವೆಂಬರ್ 4ರಂದು ಈರಿ ಸರೋವರದ ಪೀಪಾಯಿ ನೀರನ್ನು ನ್ಯೂಯಾರ್ಕ್ ಬಂದರಿನಾಚೆ ಸಮುದ್ರಕ್ಕೆ ಸುರಿದದ್ದು ಅವನೇ. ಟನ್ನಿಗೆ 100 ಡಾಲರ್ ಆಗುತ್ತಿದ್ದ ಸಾಗಣೆ ಹತ್ತಿರ ಹತ್ತಿರ 10ಕ್ಕೆ ಇಳಿಯಿತು. 1828ರ ಫೆಬ್ರುವರಿಯಲ್ಲಿ ಅಧಿಕಾರದಲ್ಲಿದ್ದಾಗಲೇ ಸತ್ತ, ಮೈತುಂಬ ಸಾಲ ಇಟ್ಟು.

ಸೆನೆಟ್‌ನಲ್ಲೇ ಇದ್ದಿದ್ದರೆ ಅಧ್ಯಕ್ಷನಾಗುತ್ತಿದ್ದನೇನೋ ಅನ್ನುವವರಿಗೆ ಒಂದು ಲೆಕ್ಕ: ನ್ಯೂಯಾರ್ಕ್ ಮೇಯರ್ ಆಗಿದ್ದುಕೊಂಡೇ 1812ರಲ್ಲಿ ಮ್ಯಾಡಿಸನ್ ಎದುರು ನಿಂತು 128ಕ್ಕೆ 89 ಎಲೆಕ್ಟೋರಲ್ ಮತಗಳಿಂದ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿದ ಮತಗಳು) ಸೋತ. ಪೆನ್ಸಿಲ್ವೇನಿಯಾದ 25 ಮತ ಈ ಕಡೆ ಬಿದ್ದಿದ್ದರೆ ಗೆದ್ದೇಬಿಡುತ್ತಿದ್ದ.